ಗೆಳೆತನ ಪ್ರೇಮವಾಗುವ ಕಥೆಯಲ್ಲಿ ಬಿಸಿ ಎಲ್ಲಿಂದ ಬರಬೇಕು?

ಪ್ರಶ್ನೆ: ನಾನು ಕಲಬುರಗಿಯವಳು. ಒಂದು ಪ್ರೇಮ ಕಿರುಕಾದಂಬರಿ ಬರೆಯುತ್ತಿದ್ದೇನೆ. ಸುಮಾರು 25,000 ಪದ ಆಗಬಹುದು. ಶರಣು, ಭಾಗ್ಯಶ್ರೀ ಇಬ್ಬರೂ ಡಿಗ್ರಿ ಕಾಲದಿಂದ ಜೀವದ ಗೆಳೆಯರು. ಈಗ ಇಬ್ಬರಿಗೂ 29. ಅವನು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಅವಳು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾಳೆ. ನಾಲ್ಕನೇ ಅಧ್ಯಾಯದಲ್ಲಿ ಶರಣಬಸವೇಶ್ವರ ಜಾತ್ರೆಯ ರಾತ್ರಿ ಜೋರು ಮಳೆ ಬರುತ್ತದೆ. ಅವನ ರೂಮಿಗೆ ಓಡುತ್ತಾರೆ, ಅಲ್ಲಿ ಇಬ್ಬರೂ ಒಂದಾಗುತ್ತಾರೆ. ಓದಿದ ಗೆಳತಿ, "ದೃಶ್ಯ ಚೆನ್ನಾಗಿದೆ, ಆದರೆ ಇವರು ಗೆಳೆಯರು ಅಂತ ಅನ್ನಿಸಲೇ ಇಲ್ಲ" ಅಂದಳು. ಎಲ್ಲಿ ತಪ್ಪಿದೆ? ಇಂಥ ದೃಶ್ಯ ಬರೆಯಲು ಕೂತರೆ ಒಂದೋ ಹಳೆ ಕಾವ್ಯದ ಥರ ಆಗುತ್ತದೆ, ಇಲ್ಲಾ ಅಸಹ್ಯ ಆಗುತ್ತದೆ. ಆನ್‌ಲೈನ್ ಹಾಕಿದರೆ ಕಾನೂನಿನ ತೊಂದರೆ ಇದೆಯಾ?

ಉತ್ತರ: ನೀವು ಕಳಿಸಿದ ನಾಲ್ಕೂ ಅಧ್ಯಾಯ ಓದಿದೆ. ನಿಮ್ಮ ಗೆಳತಿ ಹೇಳಿದ್ದು ನಿಜ. ಆದರೆ ತಪ್ಪಿರುವುದು ಮೊದಲ ಮೂರು ಅಧ್ಯಾಯಗಳಲ್ಲಿ. ಅಲ್ಲಿ "ಇಬ್ಬರೂ ಎರಡು ದೇಹ, ಒಂದೇ ಜೀವ" ಅಂತ ಮತ್ತೆ ಮತ್ತೆ ಬರೆದಿದ್ದೀರಿ. ಇಬ್ಬರೂ ಸೇರಿ ಒಂದು ಕೆಲಸ ಮಾಡಿದ್ದು, ಸಣ್ಣ ವಿಷಯಕ್ಕೆ ಜಗಳಾಡಿದ್ದು, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಿದ್ದು ಎಲ್ಲೂ ಇಲ್ಲ. ಹಾಗಾಗಿ ನಾಲ್ಕನೇ ಅಧ್ಯಾಯದಲ್ಲಿ ಶರಣು ಅವಳ ಒದ್ದೆ ಕೂದಲು ಮುಟ್ಟಿದಾಗ, ಯಾರೋ ಒಬ್ಬ ಹುಡುಗ ಯಾರೋ ಒಬ್ಬ ಹುಡುಗಿಯನ್ನು ಮುಟ್ಟಿದಂತೆ ಕಾಣುತ್ತದೆ.

ಹತ್ತು ವರ್ಷದ ಗೆಳೆಯರ ನಡುವೆ ಏನಿರುತ್ತದೆ? ಸಲಿಗೆ. ಬೆನ್ನಿಗೆ ಗುದ್ದುತ್ತಾರೆ. ಕೂದಲು ಜಗ್ಗುತ್ತಾರೆ. ಒಂದೇ ಬಾಟಲಿಯ ನೀರು ಕುಡಿಯುತ್ತಾರೆ. ಗುರುತಿಲ್ಲದವರ ಪ್ರೇಮಕಥೆಯಲ್ಲಿ ಬೆರಳಿಗೆ ಬೆರಳು ತಾಗಿದರೆ ಸಾಕು, ಓದುವವರ ಎದೆ ಡವಡವ ಅನ್ನುತ್ತದೆ. ಗೆಳೆಯರ ಕಥೆಯಲ್ಲಿ ಬೆರಳು ದಿನಾ ತಾಗುತ್ತಿರುತ್ತದೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಹಾಗಾದರೆ ಬಿಸಿ ಎಲ್ಲಿಂದ ಬರಬೇಕು? ಸಲಿಗೆ ಕೈಕೊಡುವ ಕಡೆಯಿಂದ ಬರಬೇಕು. ನಿನ್ನೆ ತನಕ ಯೋಚನೆಯೇ ಇಲ್ಲದೆ ಮಾಡುತ್ತಿದ್ದ ಕೆಲಸ ಇವತ್ತು ಮಾಡಲು ಆಗುತ್ತಿಲ್ಲ. ಕೈ ಮುಂದೆ ಹೋಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಯಾಕೆ ನಿಂತಿತು ಅಂತ ಅವಳಿಗೇ ತಿಳಿಯದು. ಓದುವವರಿಗೆ ಮಾತ್ರ ತಿಳಿಯುತ್ತದೆ.

ಅಂದರೆ ಇವರು ಹತ್ತಿರ ಬರುವ ಮೊದಲು ಒಂದು ಹೆಜ್ಜೆ ದೂರ ಸರಿಯಬೇಕು. ನಿಮ್ಮ ಕಥೆಯಲ್ಲಿ ಈ ದೂರವೇ ಇಲ್ಲ. ಗೆಳೆತನದಿಂದ ನೇರ ಹಾಸಿಗೆಗೆ ಹಾರಿದ್ದೀರಿ. ನಡುವೆ ಕನಿಷ್ಠ ಎರಡು ಅಧ್ಯಾಯದಷ್ಟು ಮುಜುಗರ ಬೇಕು. ಓದುವವರು ಇಂಥ ಕಥೆ ಕೈಗೆತ್ತಿಕೊಳ್ಳುವುದೇ ಆ ಮುಜುಗರದ ಆಸೆಗೆ.

ನಿಮ್ಮ ಎರಡನೇ ಅಧ್ಯಾಯದಲ್ಲಿ ಮಿಲ್ ಹತ್ತಿರದ ಖಾನಾವಳಿ ಬರುತ್ತದೆ. ಈಗ ಅಲ್ಲಿ ಕೂತು ಇಬ್ಬರೂ ಬದುಕಿನ ಬಗ್ಗೆ ದೊಡ್ಡ ದೊಡ್ಡ ಮಾತಾಡುತ್ತಾರೆ. ಅದನ್ನು ತೆಗೆಯಿರಿ. ಬದಲಿಗೆ ಅವಳು ಅವನ ತಟ್ಟೆಯ ಖಡಕ್ ರೊಟ್ಟಿ ಮುರಿದುಕೊಳ್ಳಲಿ, ಅವನ ಪಾಲಿನ ಶೇಂಗಾ ಹಿಂಡಿ ಬಳಿದುಕೊಳ್ಳಲಿ, ಅವನು ಬೈಯಲಿ. ಇದು ಡಿಸೆಂಬರ್. ಮಾರ್ಚ್‌ನಲ್ಲಿ ಅದೇ ಖಾನಾವಳಿ, ಅದೇ ಮೂಲೆಯ ಟೇಬಲ್ಲು:

ಭಾಗ್ಯಶ್ರೀ ಅವನ ತಟ್ಟೆ ನೋಡಿದಳು. ಅರ್ಧ ರೊಟ್ಟಿ ಉಳಿದಿತ್ತು. ಕೈ ಚಾಚಲಿಲ್ಲ.

"ಯಾಕ, ಬ್ಯಾಡೇನು?"

"ಸಾಕಾತು."

"ನಿಂಗ? ಸಾಕಾತಾ?"

ಅವನು ರೊಟ್ಟಿ ಮುರಿದು ಅವಳ ತಟ್ಟೆಯ ಅಂಚಿಗೆ ಇಟ್ಟ. ಹತ್ತು ವರ್ಷದಲ್ಲಿ ಒಮ್ಮೆಯೂ ಇಟ್ಟಿರಲಿಲ್ಲ. ಇಡುವ ಪ್ರಸಂಗವೇ ಬಂದಿರಲಿಲ್ಲ.

ಇಷ್ಟೇ ಸಾಕು. ಇಲ್ಲಿ ಯಾರೂ ಯಾರನ್ನೂ ಮುಟ್ಟಿಲ್ಲ. ಆದರೂ ಆ ಮಳೆ ದೃಶ್ಯಕ್ಕಿಂತ ಇಲ್ಲಿ ಬಿಸಿ ಜಾಸ್ತಿ. ಇದರ ಬೆನ್ನಿಗೇ ಮನೆಯಲ್ಲಿ ಯಾರಾದರೂ ಗುರುತಿಸಬೇಕು. ನೀವು ಭಾಗ್ಯಶ್ರೀಗೆ ಒಬ್ಬ ವೈನಿಯನ್ನು, ಅಂದರೆ ಅಣ್ಣನ ಹೆಂಡತಿಯನ್ನು, ಕೊಟ್ಟಿದ್ದೀರಿ, ಆದರೆ ಚಹಾ ತಂದಿಟ್ಟು ಹೋಗುವುದು ಬಿಟ್ಟು ಅವಳಿಗೆ ಕೆಲಸವೇ ಇಲ್ಲ. ಅವಳ ಬಾಯಿಂದ ಈ ಮಾತು ಬರಲಿ: "ಯಾಕ, ಜಗಳ ಆಡೀರೇನು? ಎರಡ್ ದಿನದಿಂದ ಒಬ್ಬರಿಗೊಬ್ಬರು ಭಾಳ ಮರ್ಯಾದಿ ಕೊಡ್ಲಕತ್ತೀರಿ." ಮನೆಗೆ ಬಂದು ಹೋಗುವ ಗೆಳೆಯನ ನಡೆ ಬದಲಾದರೆ ಮೊದಲು ಗೊತ್ತಾಗುವುದು ಅಡುಗೆಮನೆಗೆ.

ಇನ್ನು ಆ ಮಳೆ. ಶರಣಬಸವೇಶ್ವರ ಜಾತ್ರೆ ಬರುವುದು ಹೋಳಿ ಹುಣ್ಣಿಮೆ ಆದ ಐದನೇ ದಿನಕ್ಕೆ, ಹೆಚ್ಚಾಗಿ ಮಾರ್ಚ್‌ನಲ್ಲಿ. ಆ ಹೊತ್ತಿಗೆ ಕಲಬುರಗಿಯಲ್ಲಿ ಬಿಸಿಲು ಏರುತ್ತಿರುತ್ತದೆ. ಅಕಾಲ ಮಳೆ ಬರಲೇಬಾರದು ಅಂತೇನಿಲ್ಲ, ಆದರೆ ಓದುವವರಿಗೆ ಅದು ಸಿನಿಮಾದವರು ತಂದು ಸುರಿದ ನೀರಿನ ಹಾಗೆ ಕಾಣುತ್ತದೆ. ಪ್ರೇಮ ಅಂದರೆ ಮಳೆ ಅನ್ನುವುದು ಮಲೆನಾಡಿನ ಕಡೆಯ ಕಥೆಗಳಿಂದ ನಮಗೆ ಅಂಟಿದ ಅಭ್ಯಾಸ. ನಿಮ್ಮ ಊರಿಗೆ ಅದಕ್ಕಿಂತ ಒಳ್ಳೆಯದು ಇದೆ. ಬೇಸಿಗೆ ಇದೆ.

ಯೋಚನೆ ಮಾಡಿ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ನಿಮ್ಮ ನಾಯಕ ಎಫ್‌ಡಿಎ. ಇಡೀ ಎರಡು ತಿಂಗಳು ಅವನ ಮಧ್ಯಾಹ್ನ ಖಾಲಿ! ತೊಗರಿ ಸುಗ್ಗಿ ಡಿಸೆಂಬರ್, ಜನವರಿಗೆ. ಆಗ ಮಿಲ್‌ನಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಮೇ ಹೊತ್ತಿಗೆ ಅವಳಿಗೂ ಅಷ್ಟು ಗಡಿಬಿಡಿ ಇಲ್ಲ. ಬಿಸಿಲು 42 ಡಿಗ್ರಿ ದಾಟಿರುತ್ತದೆ. ಎರಡರಿಂದ ಐದರ ತನಕ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗಿರುತ್ತದೆ. ಗಲ್ಲಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಎಲ್ಲಿ ಕೂತರೂ ಒಬ್ಬ ಕಾಕಾನೋ ಮಾವನೋ ಎದುರಾಗುವ ಊರಿನಲ್ಲಿ ಇಬ್ಬರಿಗೆ ಏಕಾಂತ ಸಿಗುವ ಹೊತ್ತು ಅಂದರೆ ಇದೇ. ಜೊತೆಗೆ ಬಿಸಿಲಿಗೆ ಹೆಣ್ಣುಮಕ್ಕಳು ಮುಖಕ್ಕೆ ಓಢಣಿ ಸುತ್ತಿ ಬೈಕ್ ಹಿಂದೆ ಕೂತರೆ ಕಣ್ಣೊಂದು ಬಿಟ್ಟರೆ ಅವರ ಮುಖ ಯಾರಿಗೂ ಕಾಣುವುದಿಲ್ಲ. ಹತ್ತು ವರ್ಷ ಅವನ ಬೈಕ್ ಹಿಂದೆ ಮುಖ ಬಿಟ್ಟುಕೊಂಡು ಕೂತವಳು, ಯಾರ ಭಯವೂ ಇಲ್ಲದವಳು, ಒಂದು ದಿನ ಸಂಜೆ ಆರು ಗಂಟೆಗೆ, ಬಿಸಿಲು ಇಳಿದ ಮೇಲೆ, ಓಢಣಿ ಸುತ್ತಿಕೊಂಡು ಕೂರುತ್ತಾಳೆ. ಅವನು ಕನ್ನಡಿಯಲ್ಲಿ ಅದನ್ನು ನೋಡುತ್ತಾನೆ. ಏನೂ ಕೇಳುವುದಿಲ್ಲ. ಅವಳ ಮನಸ್ಸಿನಲ್ಲಿ ಏನು ಬದಲಾಯಿತು ಅಂತ ಹೇಳಲು ನಿಮಗೆ ಒಂದು ಸಾಲೂ ಖರ್ಚಾಗುವುದಿಲ್ಲ.

ಕಥೆಯ ಕಾಲವನ್ನು ಹೀಗೆ ಹಂಚಿ ನೋಡಿ. ಎಳ್ಳ ಅಮಾವಾಸ್ಯೆಗೆ ಶುರು. ಶರಣುವಿನ ಹೊಲಕ್ಕೆ ಅವಳ ಮನೆಯವರನ್ನೂ ಕರೆದಿದ್ದಾರೆ, ಪೈರಿಗೆ ನೈವೇದ್ಯದ ಚರಗ ಚೆಲ್ಲಿ ಎಲ್ಲರೂ ಕೂತು ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಿದ್ದಾರೆ. ಇಬ್ಬರ ಸಲಿಗೆ ಎಲ್ಲರ ಕಣ್ಣೆದುರಿಗೇ ಇದೆ, ಯಾರಿಗೂ ಅದು ವಿಶೇಷ ಅಲ್ಲ. ಜಾತ್ರೆಯಲ್ಲಿ ತೇರು ಎಳೆಯುವ ಗದ್ದಲದೊಳಗೆ ಅವನು ಅವಳ ಕೈ ಹಿಡಿಯುತ್ತಾನೆ, ಜನ ತಳ್ಳುತ್ತಾರೆ ಅಂತ. ಜನ ಕರಗಿದ ಮೇಲೂ ಕೈ ಬಿಟ್ಟಿರುವುದಿಲ್ಲ. ಜಾತ್ರೆಗೆ ಇಷ್ಟು ಸಾಕು, ಅಲ್ಲಿಂದ ಮನೆಗೆ ಹೋಗಲಿ. ಮೈ ಹತ್ತಿರ ಆಗುವುದು ಮೇ ತಿಂಗಳಿಗೆ. ಜೂನ್‌ನ ಮೊದಲ ಮಳೆ ಕೊನೆಯ ಅಧ್ಯಾಯಕ್ಕೆ ಇರಲಿ, ನಿಮಗೆ ಅಷ್ಟು ಆಸೆ ಇದ್ದರೆ.

ಒಂದನೇ ಅಧ್ಯಾಯದ ಊರಿನ ಪರಿಚಯ ತೆಗೆದುಬಿಡಿ. 1347ರಲ್ಲಿ ಬಹಮನಿ ರಾಜ್ಯ ಶುರುವಾಗಿದ್ದು, ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದ್ದು ಅನ್ನುವುದು, ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಎಲ್ಲ ಸರಿಯಾದ ಮಾಹಿತಿಯೇ. ಆದರೆ ಆ ಊರಲ್ಲೇ ಹುಟ್ಟಿ ಬೆಳೆದ ಇಬ್ಬರು ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಡಿಗ್ರಿಯಲ್ಲಿ ಕ್ಲಾಸು ಬಿಟ್ಟು ಕೋಟೆಯ ಬಾರಾ ಗಜ್ ತೋಪು ಅನ್ನುವ ಫಿರಂಗಿಯ ಹತ್ತಿರ ಕೂತು ಕಡ್ಲೆ ತಿಂದದ್ದು ನೆನಪಾದರೆ ಸಾಕು, ಕೋಟೆ ತಾನಾಗಿ ಕಥೆಯೊಳಗೆ ಬರುತ್ತದೆ.

ಈಗ ನೀವು ಕೇಳಿದ ಕಷ್ಟದ ಪ್ರಶ್ನೆ. ಮೈಯ ದೃಶ್ಯ ಬರೆಯುವುದು ಹೇಗೆ?

ನಿಮ್ಮ ನಾಲ್ಕನೇ ಅಧ್ಯಾಯದಲ್ಲಿ "ಅಧರ" ಇದೆ, "ಕಟಿ" ಇದೆ, "ಬಾಹುಬಂಧನ" ಇದೆ. ಭಾಗ್ಯಶ್ರೀಗೆ ತುಟಿ ಇರುತ್ತದೆ, ಸೊಂಟ ಇರುತ್ತದೆ, ತೋಳು ಇರುತ್ತದೆ. ಅವಳು ದಿನಾ ಆಡುವ ಮಾತಿನಲ್ಲೇ ಅವಳ ಮೈಯನ್ನು ಹೇಳಿ. ತುಟಿ, ಕೊರಳು, ಬೆನ್ನು, ಮೊಣಕಾಲು, ಉಸಿರು, ಬೆವರು. ಇವಕ್ಕೆ ಯಾವ ಅಸಹ್ಯವೂ ಇಲ್ಲ, ಯಾವ ಪೌಡರೂ ಬೇಕಿಲ್ಲ. ಕನ್ನಡದಲ್ಲಿ ಕೆಲವು ಅಂಗಗಳಿಗೆ ಡಾಕ್ಟರ ಮಾತು ಇಲ್ಲವೇ ಬೈಗುಳ ಮಾತ್ರ ಇರುವುದು ನಿಜ. ಅಲ್ಲಿ ಹೆಸರು ಹೇಳುವ ಹಟ ಬಿಡಿ. ಕೈ ಎಲ್ಲಿಗೆ ಹೋಯಿತು, ಉಸಿರು ಏನಾಯಿತು, ಯಾರು ಯಾರ ಹೆಸರು ಹಿಡಿದು ಕರೆದರು, ಅದನ್ನು ಬರೆಯಿರಿ. ಎಲ್ಲ ತೆರೆದು ತೋರಿಸುವುದೂ ತಪ್ಪಲ್ಲ, ದೀಪ ಆರಿಸಿ ಬಾಗಿಲು ಮುಚ್ಚುವುದೂ ತಪ್ಪಲ್ಲ. ಆದರೆ ಇಡೀ ಪುಸ್ತಕ ಆಸೆ ಹುಟ್ಟಿಸಿ, ಕೊನೆಗೆ "ಎರಡು ಹೂವು ಒಂದಾದವು" ಅಂತ ಓಡಿ ಹೋದರೆ ಓದುವವರಿಗೆ ಸಿಟ್ಟು ಬರುತ್ತದೆ. ನನಗೂ ಬರುತ್ತದೆ.

ನಿಮ್ಮ ಪಾತ್ರಗಳನ್ನೇ ಇಟ್ಟುಕೊಂಡು ಒಂದು ತುಣುಕು ಬರೆದಿದ್ದೇನೆ. ಅವನ ರೂಮು, ಮೇ ತಿಂಗಳು, ಕೆಳಗೆ ಶಹಾಬಾದ್ ಕಲ್ಲಿನ ಫರ್ಸಿ.

ಮಧ್ಯಾಹ್ನ ಎರಡೂವರೆ. ಕೂಲರ್ ಪಂಪು ಕೆಟ್ಟಿತ್ತು. ಶರಣು ಫರ್ಸಿ ಮೇಲೆ ಕೂತು ಅದನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ. ಎರಡೂ ಕೈ ರಾಡಿ. ಹಣೆಯ ಬೆವರು ಕಣ್ಣಿಗೆ ಇಳಿಯಿತು. ಭಾಗ್ಯಶ್ರೀ ಓಢಣಿಯ ತುದಿಯಿಂದ ಒರೆಸಿದಳು. ಹಿಂದೆ ಎಷ್ಟೋ ಸಲ ಒರೆಸಿದ್ದಳು. ಹಣೆ ಆಯಿತು. ಕೆನ್ನೆ ಆಯಿತು. ಕೊರಳಿಗೆ ಬಂದಾಗ ಕೈ ನಿಂತಿತು. ಬೆರಳ ಕೆಳಗೆ ಅವನ ನಾಡಿ ಓಡುತ್ತಿತ್ತು.

"ಯಾಕ ನಿಂತಿ?"

"ಗೊತ್ತಿಲ್ಲ."

ಕೂಲರ್ ಒಮ್ಮೆ ಗುಡುಗಿ ಶುರುವಾಯಿತು. ಗಾಳಿ ಇಬ್ಬರ ನಡುವೆ ನುಗ್ಗಿತು. ಯಾರೂ ಸರಿಯಲಿಲ್ಲ.

"ಕೈ ತೆಗೀಲೇನು?"

"ತೆಗೀಬ್ಯಾಡ."

ಅವನ ರಾಡಿ ಕೈ ಎಲ್ಲಿ ಇಡಬೇಕು ತಿಳಿಯದೆ ಗಾಳಿಯಲ್ಲೇ ಇತ್ತು. ಅವಳು ಅದನ್ನು ಹಿಡಿದು ತನ್ನ ಸೊಂಟದ ಮೇಲೆ ಇಟ್ಟುಕೊಂಡಳು. ಹಳದಿ ಕುರ್ತಾದ ಮೇಲೆ ಐದು ಬೆರಳು ಮೂಡಿದವು.

"ಅರಿವಿ ಹೊಲಸಾತು."

"ಆಗ್ಲಿ."

ಇಲ್ಲಿಂದ ಮುಂದೆ ನೀವು ಎಷ್ಟು ದೂರ ಹೋದರೂ ಓದುವವರು ಜೊತೆಗೆ ಬರುತ್ತಾರೆ. ಇದರಲ್ಲಿ ಏನೇನು ನಡೆದಿದೆ ಗಮನಿಸಿ. ಬೆವರು ಒರೆಸುವುದು ಹಳೆಯ ಸಲಿಗೆ, ಅದು ಕೊರಳ ಹತ್ತಿರ ಕೈಕೊಟ್ಟಿತು. "ತೆಗೀಲೇನು", "ತೆಗೀಬ್ಯಾಡ" ಅನ್ನುವುದು ಒಪ್ಪಿಗೆ. ಒಪ್ಪಿಗೆ ಕೇಳಿದರೆ ರಸ ಕೆಡುತ್ತದೆ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನಿಮ್ಮ ಮಳೆ ದೃಶ್ಯದಲ್ಲಿ ಅವಳು ಎರಡು ಸಲ "ಬ್ಯಾಡ" ಅಂದ ಮೇಲೂ ಅವನು ಮುಂದುವರಿಯುತ್ತಾನೆ. ನೀವು ಅದನ್ನು ನಾಚಿಕೆ ಅಂತ ಬರೆದಿರಬಹುದು. ಓದುವಾಗ ಅದು ಹಾಗೆ ಕಾಣುವುದಿಲ್ಲ, ಹತ್ತು ವರ್ಷದ ಗೆಳೆಯ ಅವಳ ಮಾತು ಕೇಳಿಸಿಕೊಳ್ಳಲಿಲ್ಲ ಅಂತ ಕಾಣುತ್ತದೆ. ಅದನ್ನು ದಯವಿಟ್ಟು ಬದಲಿಸಿ. ಇದೊಂದು ವಿಷಯದಲ್ಲಿ ನಾನು ಹಟ ಮಾಡುತ್ತೇನೆ.

ಮಾತಿನ ಬಗ್ಗೆ ಇನ್ನೊಂದು. ಮೊದಲ ಮೂರು ಅಧ್ಯಾಯದಲ್ಲಿ ನಿಮ್ಮ ಪಾತ್ರಗಳು ಚೆಂದ ಕಲಬುರಗಿ ಮಾತಾಡುತ್ತವೆ. "ಏನ್ ಮಾಡ್ಲಕತ್ತಿ", "ಹೌದ್ ನೋಡು" ಎಲ್ಲ ಇದೆ, ಗೆಳೆಯರ ಗುಂಪಿನಲ್ಲಿ ನಡುನಡುವೆ ದಖನಿಯೂ ಬರುತ್ತದೆ. ಹಾಸಿಗೆಯ ಹತ್ತಿರ ಬಂದ ಕೂಡಲೇ ಶರಣು, "ನಾನು ನಿನ್ನನ್ನು ಮನಸಾರೆ ಪ್ರೀತಿಸುತ್ತೇನೆ ಭಾಗ್ಯ" ಅನ್ನುತ್ತಾನೆ. ಯಾರವನು? ಎಲ್ಲಿಂದ ಬಂದ? ಆ ಹೊತ್ತಿನಲ್ಲಿ ಮನುಷ್ಯರ ಬಾಯಿಗೆ ಬರುವುದು ಅವ್ವನ ಮನೆಯ ಮಾತು. "ನೀ ಇಲ್ದೆ ನಂಗ ನಡೆಯಂಗಿಲ್ಲ" ಅನ್ನಲಿ. "ಹೆದರ್ಕಿ ಆಗ್ಲಕತ್ತದ" ಅನ್ನಲಿ. ಇದರಿಂದ ಬೆಂಗಳೂರಿನ ಓದುಗರಿಗೆ ಅರ್ಥವಾಗದು ಅಂತ ಚಿಂತೆ ಬೇಡ. ಎದೆ ಬಡಿತ ಜೋರಾಗಿರುವಾಗ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತದೆ.

ನಗು ಮರೆಯಬೇಡಿ. ಗೆಳೆಯರು ಪ್ರೇಮಿಗಳಾದ ಕಥೆಗೆ ಮಾತ್ರ ಸಿಗುವ ಭಾಗ್ಯ ಇದು. ಇವರು ಬಟ್ಟೆ ಬಿಚ್ಚುವಾಗಲೂ ನಗಬಲ್ಲರು. ಗುಂಡಿ ಸಿಕ್ಕಿಕೊಳ್ಳಲಿ. ಕಾಂಡೋಮ್ ಮಾತು ಬರಲಿ. 29 ವಯಸ್ಸಿನ ಇಬ್ಬರು ಅದನ್ನು ಯೋಚಿಸದೆ ಇರುತ್ತಾರಾ? ತಮ್ಮ ಗಲ್ಲಿಯ ಮೆಡಿಕಲ್‌ನವನು ಅಪ್ಪನ ಗುರುತಿನವನು ಅಂತ ಶರಣು ಊರಿನ ಸೂಪರ್ ಮಾರ್ಕೆಟ್ ಪೇಟೆ ತನಕ ಬಿಸಿಲಲ್ಲಿ ಹೋಗಿ ಬಂದಿದ್ದಾನೆ ಅಂತ ಅವಳಿಗೆ ಗೊತ್ತಾದರೆ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆ ನಗುವಿನ ನಡುವೆಯೇ ಅವನು ಮುತ್ತಿಡಲಿ. ಹಳೆಯ ಗೆಳೆಯ ಎಲ್ಲೂ ಹೋಗಿಲ್ಲ ಅಂತ ಅವಳಿಗೆ ಆಗ ಧೈರ್ಯ ಬರುತ್ತದೆ.

ಯಾಕೆಂದರೆ ಅವಳ ಹೆದರಿಕೆ ಅದೇ ಆಗಿರಬೇಕು. ನೀವು ಅಡ್ಡಿಯಾಗಿ ಜಾತಿಯನ್ನೂ, ಅಪ್ಪನ ಸಿಟ್ಟನ್ನೂ ತಂದಿದ್ದೀರಿ. ನಮ್ಮ ಕಡೆ ಅವೆರಡೂ ಸುಳ್ಳಲ್ಲ, ಇರಲಿ. ಆದರೆ ಅವು ಯಾವ ಪ್ರೇಮಕಥೆಯಲ್ಲಾದರೂ ಇರುತ್ತವೆ. ಈ ಕಥೆಗೇ ಸೇರಿದ ಅಡ್ಡಿ ಬೇರೆ. ಇದು ಕೆಟ್ಟರೆ ಅಳಲು ಯಾರ ಹತ್ತಿರ ಹೋಗುವುದು? ಇಷ್ಟು ವರ್ಷ ಮನಸ್ಸು ಮುರಿದಾಗಲೆಲ್ಲ ಅವಳು ಫೋನ್ ಮಾಡಿದ್ದು ಶರಣುಗೇ. ಈಗ ಶರಣುವಿನಿಂದಲೇ ಮನಸ್ಸು ಮುರಿದರೆ? ಈ ಒಂದು ಪ್ರಶ್ನೆ ಇಡೀ ಕಿರುಕಾದಂಬರಿಯನ್ನು ಹೊತ್ತುಕೊಳ್ಳುತ್ತದೆ. ಅವನಿಗೂ ಒಂದು ಹೆದರಿಕೆ ಕೊಡಿ. ಅವಳ ಅವ್ವ ಅವನನ್ನು ಮಗ ಅಂತ ಕರೆದು ಉಣ್ಣಲು ಬಡಿಸಿದ್ದಾಳೆ. ಆ ಮನೆಯ ಹೊಸಿಲು ಇನ್ನು ಮುಂದೆ ಹೇಗೆ ದಾಟುವುದು?

ಐದನೇ ಅಧ್ಯಾಯದಲ್ಲಿ ಅವಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ ಅಂತ ಟಿಪ್ಪಣಿ ಬರೆದಿದ್ದೀರಿ. ಬೀದರ್ ಮಾಡಿ ನೋಡಿ, ಅವಳ ಬದಲು ಅವನಿಗೆ ವರ್ಗ ಆಗಲಿ. 2017ರಿಂದ ನೇರ ರೈಲು ಮಾರ್ಗ ಇದೆ, ದೂರ ಸುಮಾರು 110 ಕಿಲೋಮೀಟರ್. ಬೆಂಗಳೂರು ಅಂದರೆ ಕಥೆ ಮುರಿದಂತೆ. ಬೀದರ್‌ನಿಂದ ವಾರಕ್ಕೊಮ್ಮೆ ಬರಬಹುದು, ಬರದೆಯೂ ಇರಬಹುದು. ಯಾರು ಟಿಕೆಟ್ ತೆಗೆಯುತ್ತಾರೆ, ಯಾರು ಕೆಲಸದ ನೆಪ ಹೇಳುತ್ತಾರೆ ಅನ್ನುವುದರಲ್ಲೇ ಮುಂದಿನದೆಲ್ಲ ನಡೆಯುತ್ತದೆ.

ಈ ಉದ್ದದ ಕಥೆಗೆ ಪೂರ್ತಿ ಬರೆದ ಬಿಸಿ ದೃಶ್ಯ ಎರಡು ಅಥವಾ ಮೂರು ಸಾಕು. ಪ್ರತಿಯೊಂದು ಆದ ಮೇಲೂ ಏನೋ ಒಂದು ಬದಲಾಗಿರಬೇಕು. ಬದಲಾಗದಿದ್ದರೆ ಅದು ಹಿಂದಿನ ದೃಶ್ಯದ ನಕಲು, ತೆಗೆದುಬಿಡಿ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಮರುದಿನದ ಮೇಲೆ ಕೂತು ಬರೆಯಿರಿ. ನಿಮ್ಮದರಲ್ಲಿ ಮರುದಿನವೇ ಇಲ್ಲ, ನೇರ ಒಂದು ತಿಂಗಳು ಮುಂದೆ ಹೋಗಿದ್ದೀರಿ. ಮರುದಿನ ಅವನು ಮಿಲ್ ಗೇಟಿನ ಹತ್ತಿರ ಬಂದು ನಿಲ್ಲುತ್ತಾನೆ. ದಿನಾ "ಬಾರಲೇ" ಅಂತ ಕೂಗುತ್ತಿದ್ದವನು ಇವತ್ತು ಹಾರ್ನ್ ಹೊಡೆಯುತ್ತಾನೆ. ಅವಳು ಹೊರಗೆ ಬರುತ್ತಾಳೆ, ಬೈಕ್ ಹತ್ತುತ್ತಾಳೆ, ಕೈ ಎಲ್ಲಿ ಇಡುವುದು? ಭುಜದ ಮೇಲೋ, ಹಿಂದಿನ ಕಂಬಿ ಮೇಲೋ? ಇದಕ್ಕೆ ಎರಡು ಪುಟ ಕೊಡಿ. ಆ ಹಳದಿ ಕುರ್ತಾ ಒಗೆಯಲು ವೈನಿ ಕೈಗೆ ಸಿಕ್ಕಿದೆಯೋ ಇಲ್ಲವೋ, ಅದನ್ನೂ ನೀವೇ ತೀರ್ಮಾನಿಸಿ.

ಕಾನೂನಿನ ವಿಷಯ ಚಿಕ್ಕದಾಗಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅಶ್ಲೀಲ ಪುಸ್ತಕದ ಪ್ರಕಟಣೆ, ಮಾರಾಟದ ಬಗ್ಗೆ ಅದರ 294ನೇ ಕಲಂ ಹೇಳುತ್ತದೆ, ಹಿಂದೆ ಇದು ಐಪಿಸಿ 292 ಆಗಿತ್ತು. ಆನ್‌ಲೈನ್ ಬರಹಕ್ಕೆ ಐಟಿ ಕಾಯ್ದೆಯ 67, 67ಎ ಕಲಂ ಇವೆ. 67ರಲ್ಲಿ ಮೊದಲ ಸಲ ಅಪರಾಧ ಸಾಬೀತಾದರೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಸಾಹಿತ್ಯ, ಕಲೆಯ ಹಿತಕ್ಕಾಗಿ ಎಂದು ಸಮರ್ಥಿಸಬಹುದಾದ ಬರಹಕ್ಕೆ ಎರಡೂ ಕಾಯ್ದೆಗಳಲ್ಲಿ ವಿನಾಯಿತಿ ಇದೆ. ಒಂದು ತುಣುಕು ಕಿತ್ತು ನೋಡದೆ, ಇಡೀ ಸಂದರ್ಭವನ್ನು ಇಂದಿನ ಸಮಾಜದ ಕಣ್ಣಿನಿಂದ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆದ್ದರಿಂದ ಪಾತ್ರ, ಕಥೆ ಗಟ್ಟಿ ಇರುವ ಬರಹಕ್ಕೆ ನೆಲೆ ಇದೆ. ಬರೀ ಬಿಸಿ ದೃಶ್ಯಗಳನ್ನು ಬಿಡಿಬಿಡಿಯಾಗಿ ಕಿತ್ತು ಜಾಹೀರಾತಿಗೆ ಹಾಕಬೇಡಿ. ಪ್ರಕಟಿಸುವ ಮೊದಲು ಒಬ್ಬ ವಕೀಲರಿಗೆ ತೋರಿಸಿದರೆ ಇನ್ನೂ ಒಳ್ಳೆಯದು.

ಒಂದು ಕಡೆ ಮಾತ್ರ ಗೆರೆ ದಾಟಲೇಬೇಡಿ. ಮೂರನೇ ಅಧ್ಯಾಯದ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಅವಳ ಪಿಯುಸಿ ಕಾಲದ ಒಂದು ಮುತ್ತಿನ ಪ್ರಸಂಗ ಇದೆ. 18 ತುಂಬದವರು ಕಾನೂನಿನ ಪ್ರಕಾರ ಮಕ್ಕಳು. ಅಂಥ ವಯಸ್ಸಿನ ಪಾತ್ರವನ್ನು ಕಾಮದ ಬಣ್ಣದಲ್ಲಿ ಬರೆಯುವುದು ಕಾನೂನಿಗೂ ಸಲ್ಲದು, ಕಥೆಗೂ ಬೇಕಿಲ್ಲ. ಅದನ್ನು ಪೂರ್ತಿ ತೆಗೆಯಿರಿ. ಪುಸ್ತಕದ ಮೊದಲ ಪುಟದಲ್ಲಿ 18 ಮೇಲ್ಪಟ್ಟವರಿಗೆ ಅಂತ ಹಾಕಿ. ಸದ್ಯಕ್ಕೆ ನಾಲ್ಕನೇ ಅಧ್ಯಾಯ ಮುಟ್ಟಬೇಡಿ. ಖಾನಾವಳಿಯ ಎರಡು ದೃಶ್ಯ ಮತ್ತು ಮಿಲ್ ಗೇಟಿನ ಮರುದಿನ, ಇವು ಮೂರನ್ನು ಮೊದಲು ಬರೆದು ಕಳಿಸಿ, ಓದುತ್ತೇನೆ.